ಗೋವಾಕ್ಕೆ ಏಳು ತೆಂಗಿನಕಾಯಿ

ಗೋವಾಕ್ಕೆ ಹೋಗಬೇಕು, ಮೂರು ದಿನ ರಜೆ ಕೊಡಿ ಅಂದರೆ ಸಾಕು, ಆಫೀಸಿನಲ್ಲಿ ಎಲ್ಲರ ಹುಬ್ಬು ಮೇಲೇರುತ್ತದೆ. ‘ಬರುವಾಗ ನಮಗೂ ಒಂದು ಬಾಟಲಿ ಮಾರಾಯ’ ಎಂದು ಒಬ್ಬ ಕಿವಿಯಲ್ಲಿ ಉಸುರುತ್ತಾನೆ. ನಾನು ಹೊರಟದ್ದು ಅಮ್ಮ, ಇಬ್ಬರು ಚಿಕ್ಕಮ್ಮಂದಿರು ಮತ್ತು ಏಳು ತೆಂಗಿನಕಾಯಿಗಳ ಜೊತೆ ಅಂದರೆ ಯಾರು ನಂಬಬೇಕು? ಬಾಟಲಿ ತಂದೆ, ಸುಳ್ಳಲ್ಲ. ಒಳಗಿದ್ದದ್ದು ಮಂಗೇಶಿಯ ಅಭಿಷೇಕದ ತೀರ್ಥ.

ಕಾರವಾರದಿಂದ ಮಂಗಳೂರಿನ ತನಕ ನಮ್ಮಂಥ ಕೊಂಕಣಿ ಮನೆಗಳಲ್ಲಿ ಗೋವಾ ಅಂದರೆ ಫೋಂಡಾ. ಮಂಗೇಶಿ, ಮಾರ್ದೋಳದ ಮಹಾಲಸಾ, ಕವಳೆಯ ಶಾಂತಾದುರ್ಗೆ, ರಾಮನಾಥ, ನಾಗೇಶ ಎಲ್ಲ ಒಂದೇ ತಾಲ್ಲೂಕಿನಲ್ಲಿ. ಹೀಗೆ ನೆರೆಹೊರೆಯಾದದ್ದು ಹವೆ ಚೆನ್ನಾಗಿದೆಯೆಂದಲ್ಲ. 1560ರ ಆಸುಪಾಸಿನಲ್ಲಿ ಪೋರ್ಚುಗೀಸರು ಗುಡಿ ಕೆಡವಲು ಹೊರಟಾಗ ಕುಶಸ್ಥಳಿಯ ಮಂಗೇಶ, ವೆರ್ಣೆಯ ಮಹಾಲಸಾ, ಕೇಳೋಶಿಯ ಶಾಂತಾದುರ್ಗೆ ಜುವಾರಿ ನದಿ ದಾಟಿ, ಆಗ ಬಿಜಾಪುರದ ಆದಿಲಶಾಹಿ ಕೈಯಲ್ಲಿದ್ದ ಈ ಸೀಮೆಗೆ ಬಂದರು. ದೇವರೇನೋ ಹೊಳೆ ದಾಟಿ ನಿಂತರು. ನಮ್ಮ ಹಿರಿಯರು ನಿಲ್ಲಲಿಲ್ಲ. ಕುಮಟೆ, ಮಂಗಳೂರು, ಕೊಚ್ಚಿ ಅಂತ ಓಡುತ್ತಲೇ ಹೋದರು. ಅಷ್ಟು ದೂರ ಓಡಿದ್ದಕ್ಕೆ ಈಗ ನಮಗೆ ವರ್ಷವರ್ಷವೂ ವಾಪಸು ಬರುವ ದಂಡ.

ಅಮ್ಮನ ಹರಕೆ ಲೆಕ್ಕ ಹಳೆಯ ಕ್ಯಾಲೆಂಡರಿನ ಬೆನ್ನಮೇಲಿದೆ. ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಪಾಸಾದರೆ ಒಂದು ಅಭಿಷೇಕ ಎಂದು ಬರೆದಿಟ್ಟದ್ದು ಇನ್ನೂ ಬಾಕಿ. ಪಾಸಾಗಿ ಇಪ್ಪತ್ತಾರು ವರ್ಷ! ಬಡ್ಡಿ ಎಷ್ಟಾಯಿತಮ್ಮ ಎಂದೆ. ‘ದೇವರೇನು ಬ್ಯಾಂಕೇ?’ ಎಂದು ಗದರಿದವಳು, ಮಂಗೇಶಿಯ ಕೌಂಟರಿನ ಮುಂದೆ ನಿಂತಾಗ ಮೆಲ್ಲಗೆ ಎರಡು ಅಭಿಷೇಕಕ್ಕೆ ಚೀಟಿ ಮಾಡಿಸಿದಳು.

ಕವಳೆಯಲ್ಲಿ ಉಡಿ ತುಂಬುವ ಸಂಭ್ರಮ. ತಟ್ಟೆಯಲ್ಲಿ ಹಸಿರು ಖಣ, ಅಕ್ಕಿ, ಬಳೆ, ಅರಿಸಿನ ಕುಂಕುಮ, ಮೇಲೆ ಜುಟ್ಟಿನ ಕಾಯಿ. ತೆಂಗಿನ ತೋಟದ ನಡುವೆ ಕೂತ ದೇವಿಗೆ ಕುಮಟೆಯಿಂದ ಕಾಯಿ ಹೊತ್ತು ತರಬೇಕೇ? ‘ಇಲ್ಲಿಯದು ಸಣ್ಣದು’ ಎಂದಳು ದೊಡ್ಡ ಚಿಕ್ಕಮ್ಮ, ಒಂದನ್ನೂ ನೋಡದೆ. ಯಾರ ಸೀರೆ ಮೊದಲು ಒಪ್ಪಿಸುವುದು ಎಂದು ಇಬ್ಬರಿಗೂ ಅಲ್ಲೇ ಶುರುವಾಯಿತು. ಹರಿಹರರ ಜಗಳ ಬಿಡಿಸಿದ್ದಕ್ಕೇ ಈ ತಾಯಿ ಶಾಂತಾದುರ್ಗೆಯಾದಳಂತೆ. ಅವರು ಬರೀ ದೇವರು. ನಮ್ಮ ಚಿಕ್ಕಮ್ಮಂದಿರನ್ನು ಸುಮ್ಮನಾಗಿಸಲು ಅರ್ಧ ಗಂಟೆ ಹಿಡಿಯಿತು.

ಮಾರ್ದೋಳದಲ್ಲೊಂದು ಗಂಟೆಯಿದೆ, ಅದಕ್ಕೆ ನಾಲಿಗೆಯಿಲ್ಲ. ಸಾಕ್ಷಿ ಹೇಳಿಸುವಾಗ ಮಾತ್ರ ನಾಲಿಗೆ ಕಟ್ಟುತ್ತಿದ್ದರಂತೆ. ಗಂಟೆ ಬಾರಿಸಿ ಸುಳ್ಳು ಹೇಳಿದವನು ಮೂರು ದಿನದಲ್ಲಿ ಸಾಯುತ್ತಾನೆಂಬ ನಂಬಿಕೆ. ಸಣ್ಣ ಚಿಕ್ಕಮ್ಮ ಅದನ್ನು ದಿಟ್ಟಿಸಿ ನಿಟ್ಟುಸಿರಿಟ್ಟಳು: ‘ಸದ್ಯ, ನಾಲಿಗೆ ಇಲ್ಲ. ಈ ಸೀರೆಗೆ ಎಂಟುನೂರು ಅಂತ ನಿನ್ನ ಚಿಕ್ಕಪ್ಪನಿಗೆ ಹೇಳಿದ್ದೇನೆ.’

ಕೊನೆಗೆ ಪ್ರಸಾದ ಕೇಳುವುದು. ದೇವರ ಮೈಮೇಲೆ ಹೂವಿನ ಪಕಳೆ ಒದ್ದೆ ಮಾಡಿ ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಬೆಂಗಳೂರಿನಲ್ಲಿ ನಾನು ಫ್ಲ್ಯಾಟು ಕೊಳ್ಳಲೇ ಎಂಬುದು ಅಮ್ಮನ ಪ್ರಶ್ನೆ. ಪಕಳೆ ತಡಮಾಡದೆ ಎಡಕ್ಕೆ ಬಿತ್ತು. ಅಮ್ಮ ಒಂದು ಕ್ಷಣ ಯೋಚಿಸಿ, ‘ಭಟ್ಟರೇ, ನಾನು ಕೇಳಿದ್ದು ಸರಿಯಾಗಲಿಲ್ಲ. ಎರಡು ಬೆಡ್‌ರೂಮಿನದಾದರೆ ಅಡ್ಡಿಯಿಲ್ಲವೇ ಅಂತ ಕೇಳಿ’ ಎಂದಳು. ಭಟ್ಟರು ನಗಲಿಲ್ಲ, ಹೊಸ ಪಕಳೆ ನೀರಿಗೆ ಅದ್ದಿದರು. ಹಿಂದಿನಿಂದ ದೊಡ್ಡ ಚಿಕ್ಕಮ್ಮ ಪಿಸುಗುಟ್ಟಿದಳು: ‘ಬಲಕ್ಕೆ ಬೀಳಲಿ ತಾಯಿ, ಬರುವ ವರ್ಷ ಇನ್ನೇಳು ಕಾಯಿ.’