ಮೂವತ್ತೇಳೂವರೆ ಗಂಟೆಯ ಶನಿವಾರ

ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾನೆ ಎಂದರೆ ಬೆಂಗಳೂರಿನಲ್ಲಿ ಯಾರೂ ಎಷ್ಟು ದೂರ ಎಂದು ಕೇಳುವುದಿಲ್ಲ, ಎಷ್ಟು ಗಂಟೆ ಜರ್ನಿ ಎನ್ನುತ್ತಾರೆ. ಸರಿಯೇ. ಹೆಬ್ಬಾಳ ದಾಟಿ ದೇವನಹಳ್ಳಿ ಮುಟ್ಟಬೇಕಾದ ಜನಕ್ಕೆ ಕಿಲೋಮೀಟರಿನ ಮೇಲೆ ನಂಬಿಕೆ ಹೋಗಿ ಎಷ್ಟೋ ಕಾಲವಾಯಿತು.

ನಮ್ಮ ಭಾವ ಮಾತ್ರ ನಿವೃತ್ತ ಭೂಗೋಳದ ಮೇಷ್ಟ್ರು. ಟಿಕೆಟ್ಟು ಬಂದ ದಿನವೇ ಅಟ್ಟದಿಂದ ಗ್ಲೋಬು ಇಳಿಸಿ, ಹೂ ಕಟ್ಟುವ ದಾರವನ್ನು ಎರಡೂ ಊರಿಗೆ ಬಿಗಿಯಾಗಿ ಎಳೆದು ಹಿಡಿದರು. ದಾರ ಪಶ್ಚಿಮಕ್ಕೂ ಹೋಗಲಿಲ್ಲ, ಪೂರ್ವಕ್ಕೂ ಹೋಗಲಿಲ್ಲ. ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಹತ್ತಿ ಅಲಾಸ್ಕದ ಕಡೆ ಇಳಿಯಿತು. "ಹತ್ತಿರ ಹತ್ತಿರ 14,000 ಕಿಲೋಮೀಟರ್" ಎಂದರು, ತಾವೇ ಅಳೆದು ಹಾಕಿದ ರಸ್ತೆ ಎಂಬಂತೆ.

ವಿಮಾನ ದಾರದ ಮಾತು ಕೇಳುವುದಿಲ್ಲ. ಟಿಬೆಟ್ಟಿನ ಮೇಲೆ ಏನಾದರೂ ಆದರೆ ತಗ್ಗಿಗಿಳಿಯಲು ಜಾಗವಿಲ್ಲ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಬೇರೆ. ಹೋಗುವಾಗ ಅದನ್ನು ಬೆನ್ನಿಗೆ ಹಾಕಿಕೊಂಡು ಪೆಸಿಫಿಕ್ ಮೇಲೆ ಹಾರಿದರೆ ಸುತ್ತಾದರೂ ಲಾಭ. ಬರುವಾಗ ಅದೇ ಗಾಳಿ ಎದುರು ನಿಲ್ಲುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದಲೇ ತಂದಿಳಿಸಿದರು. ಸುಮಾರು 16,000 ಕಿಲೋಮೀಟರ್, 17 ಗಂಟೆ. 9ನೇ ತಾರೀಕು ಶನಿವಾರ ರಾತ್ರಿ ಹೊರಟವರು ಇಳಿದದ್ದು ಸೋಮವಾರ ನಸುಕಿಗೆ. ಭಾನುವಾರ ಆಕಾಶದಲ್ಲೇ ಖರ್ಚಾಯಿತು.

ನಮ್ಮ ಮನೆಯ ಸಮಸ್ಯೆ ಭಾನುವಾರದ್ದಲ್ಲ. ನನ್ನ ಹೆಂಡತಿಗೆ ಶನಿವಾರ ಒಪ್ಪೊತ್ತು. ಮಗ ಟಿಕೆಟ್ ಮಾಡಿಸಿದ್ದೂ ಶನಿವಾರಕ್ಕೇ. ಮಧ್ಯಾಹ್ನ ಹೊರಟರೆ ಅಲ್ಲಿ ಇಳಿಯುವಾಗ ಅದೇ ಶನಿವಾರದ ಸಂಜೆ! ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಂದರೆ ಆ ಶನಿವಾರ ಒಟ್ಟು ಮೂವತ್ತೇಳೂವರೆ ಗಂಟೆ ಉದ್ದ. ಭಾವ ಲೆಕ್ಕ ಹೇಳಿದಾಗ ಅವಳ ಮುಖ ನೋಡಬೇಕಿತ್ತು.

ಬೆಳಿಗ್ಗೆ ಮನೆಯಲ್ಲಿ ಹುಳಿಯನ್ನ ಉಂಡು ಹೊರಟೆವು. ವಿಮಾನದಲ್ಲಿ ಮೊದಲ ತಟ್ಟೆ ಬಂತು. ಅದರ ಪಲಾವು, ಪನೀರು ಎರಡೂ ನನ್ನ ಪಾಲಿಗೆ ಬಂದವು. (ಶಾಸ್ತ್ರದಿಂದ ಗಂಡಂದಿರಿಗೆ ಲಾಭವಿಲ್ಲ ಎನ್ನಬೇಡಿ.) ಎದುರಿನ ಪರದೆಯಲ್ಲಿ ಜಪಾನಿನಷ್ಟು ದಪ್ಪದ ವಿಮಾನದ ಚಿತ್ರ ಸಮುದ್ರದ ಮೇಲೆ ತೆವಳುತ್ತಿತ್ತು; ಹೊರಗಿನ ಚಳಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ. ಅವಳ ಕಣ್ಣು ಮಾತ್ರ ಕೈಗಡಿಯಾರದ ಮೇಲೆ. ಅದಿನ್ನೂ ಬೆಂಗಳೂರಿನ ಹೊತ್ತನ್ನೇ ತೋರಿಸುತ್ತಿತ್ತು. ರಾತ್ರಿ ಹನ್ನೆರಡು ದಾಟಿದ್ದೇ ತಡ, ಬ್ಯಾಗಿನಿಂದ ಚಕ್ಕುಲಿ ಡಬ್ಬ ಹೊರಗೆ ಬಂತು.

"ಅಲ್ಲಿ ಇನ್ನೂ ಶನಿವಾರವೇ ಕಣೇ" ಎಂದೆ.

"ಗಡಿಯಾರ ಅವರದ್ದಿರಲಿ, ಹೊಟ್ಟೆ ಬಸವನಗುಡಿದು" ಎಂದು ಚಕ್ಕುಲಿ ಮುರಿದಳು.

ವಾರದ ಒಪ್ಪೊತ್ತಿನವರಿಗೆ ಒಂದು ಕಿವಿಮಾತು. ಶನಿವಾರ ಹೋಗಬೇಡಿ. ಬರುವಾಗ ಮಾತ್ರ ಅಲ್ಲಿಂದ ಶುಕ್ರವಾರ ರಾತ್ರಿಯೇ ಹೊರಡಿ, ಶನಿವಾರ ಹತ್ತೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ.