ಯಾರ ಪೈಕಿ?

ನಮ್ಮ ಕಾಲೇಜಿನಲ್ಲಿ ಇರುವುದು ಎರಡೇ ಸರ್ವರ್. ನಾನು ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಹಾಕಿದ ಸಂಜೆಗೆ ಅವು 37 ಆದವು.

ತಪ್ಪು ನನ್ನದೇ. ಈ ಸಾಫ್ಟ್‌ವೇರು ಎಸ್‌ಎನ್‌ಎಂಪಿ ಎಂಬ, 1988ರ ಕಾಲದ ಭಾಷೆಯಲ್ಲಿ ಒಂದೊಂದು ಯಂತ್ರವನ್ನೂ ಮಾತಾಡಿಸುತ್ತದೆ. ಯಂತ್ರ ಕೈಕಟ್ಟಿ ನಿಂತು ಪ್ರವರ ಒಪ್ಪಿಸುತ್ತದೆ: 1.3.6.1.4.1. ಅಲ್ಲಿಯವರೆಗೆ ಎಲ್ಲರೂ ದಾಯಾದಿಗಳೇ. ಮುಂದೆ 9 ಅಂದರೆ ಸಿಸ್ಕೋ ವಂಶ, 11 ಅಂದರೆ ಎಚ್‌ಪಿ. 8072 ಅಂದರೆ ಸ್ವಂತ ಗೋತ್ರ ತುಂಬಲು ತಯಾರಕರಿಗೆ ಸೋಮಾರಿತನ, ಒಳಗೆ ಕೂತ ಸಾಫ್ಟ್‌ವೇರ್ ಆದ ನೆಟ್-ಎಸ್‌ಎನ್‌ಎಂಪಿಯ ಗೋತ್ರವನ್ನೇ ಹೇಳಿಸಿದ್ದಾರೆ ಎಂದರ್ಥ. ನಾನೋ ಗೋತ್ರ ವಿಚಾರಿಸದೆ, ‘ಲಿನಕ್ಸ್ ಅಂದವರೆಲ್ಲ ಸರ್ವರ್’ ಎಂದು ಒಂದೇ ಸಾಲಿನ ನಿಯಮ ಬರೆದು ಕಾಫಿಗೆ ಹೋಗಿದ್ದೆ. ಬರುವಷ್ಟರಲ್ಲಿ ಯುಪಿಎಸ್ಸು, ಗೇಟಿನ ಕ್ಯಾಮೆರಾ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಹಾಜರಿ ಯಂತ್ರ, ಎಲ್ಲಕ್ಕೂ ಬಡ್ತಿ ಸಿಕ್ಕಿತ್ತು. ಪ್ರಿನ್ಸಿಪಾಲರು ಮಾತ್ರ ಖುಷಿಯಾದರು. “ನ್ಯಾಕ್‌ನವರು ಬಂದು ಹೋಗೋ ತನಕ ಹೀಗೇ ಇರಲಿ ಬಿಡಿ” ಅಂದರು.

‘ಇರಲಿ’ ಎಂದು ಬಿಡದೆ ಎಲ್ಲ ಸರಿಮಾಡಿದೆ. ಒಂದು ಮಾತ್ರ ಬಾಯಿ ಬಿಡಲಿಲ್ಲ. ಹೆಸರಿಲ್ಲ, ಗೋತ್ರವಿಲ್ಲ, ಪರದೆಯ ಮೇಲೆ ಬೂದು ಬಣ್ಣದ ಪ್ರಶ್ನಾರ್ಥಕ ಚಿಹ್ನೆ. ಹಿಂದೆ ಬಾಡಿಗೆ ಮನೆ ಹುಡುಕುತ್ತಿದ್ದಾಗ ಮಾಲೀಕರೊಬ್ಬರು ನನ್ನ ಹೆಸರು, ಊರು, ತಂದೆಯ ಹೆಸರು ಕೇಳಿದ್ದರು. ಯಾವುದರಿಂದಲೂ ಅವರಿಗೆ ಬೇಕಾದ್ದು ಸಿಗಲಿಲ್ಲ. ಕೊನೆಗೆ “ಊಟ-ಗೀಟ ಹೇಗೆ?” ಅಂದರು. ಹೇಳಿದೆ. ಮನೆ ಬೇರೆಯವರಿಗೆ ಮಾತಾಗಿದೆಯಂತೆ.

ಅದೆಲ್ಲ ನೆನಪಿದ್ದೂ ನಾನು ಸಾಫ್ಟ್‌ವೇರಿಗೆ ಹೇಳಿದ್ದು: ಇವನ ಒಂದೊಂದು ಪೋರ್ಟನ್ನೂ ತಟ್ಟು, ಉತ್ತರ ಬರುವ ತನಕ ಅರ್ಧ ಗಂಟೆಗೊಮ್ಮೆ ಕೇಳು. ಮ್ಯಾಕ್ ವಿಳಾಸದ ಮೊದಲ 6 ಅಕ್ಷರ ನೋಡಿದ್ದರೆ ತಯಾರಕರ ಹೆಸರು ಗೊತ್ತಾಗುತ್ತಿತ್ತು. ಅಷ್ಟು ತಾಳ್ಮೆ ಯಾರಿಗಿದೆ? ಮನೆಗೆ ಹೋಗಿ ಮಲಗಿದೆ.

ಅದು ಟಪಾಲು ವಿಭಾಗದ ಪ್ರಿಂಟರ್.

ಪ್ರಿಂಟರುಗಳ 9100ನೇ ಪೋರ್ಟು ಬಹಳ ಸಾಧು ಪ್ರಾಣಿ. ಅಲ್ಲಿಗೆ ಏನೇ ಬರಲಿ, ಹಿಂದುಮುಂದು ನೋಡದೆ ಅಚ್ಚು ಹಾಕುತ್ತದೆ. “ನೀನ್ಯಾರು?” ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ, ಪ್ರಶ್ನೆಯನ್ನೇ ಎ4 ಹಾಳೆಯ ಮೇಲೆ ಮುದ್ರಿಸುತ್ತದೆ. ಸಾಫ್ಟ್‌ವೇರು ವೆಬ್ ಭಾಷೆಯಲ್ಲಿ ಕೇಳಿತು. ‘ಗೆಟ್ / ಎಚ್‌ಟಿಟಿಪಿ/1.0’ ಎಂದು ಹಾಳೆಯ ನೆತ್ತಿಯಲ್ಲಿ ಒಂದು ಸಾಲು, ಕೆಳಗೆಲ್ಲ ಖಾಲಿ. ಇನ್ನೊಂದು ಭಾಷೆಯಲ್ಲಿ ಕೇಳಿತು. ಎರಡು ಚೌಕ, ಒಂದು ನಗುಮುಖ. ಮತ್ತೊಂದರಲ್ಲಿ ಕೇಳಿತು. ಬರೀ ಒಂದು ಅಡ್ಡಗೆರೆ. ಅರ್ಧ ಗಂಟೆ ಬಿಟ್ಟು ಮತ್ತೆ ಮೊದಲಿನಿಂದ. ಕತ್ತಲ ಕೋಣೆಯಲ್ಲಿ ಒಬ್ಬ ಕೇಳುತ್ತಲೇ ಇದ್ದಾನೆ, ಇನ್ನೊಬ್ಬ ದುಂಡಗೆ ಬರೆದುಕೊಳ್ಳುತ್ತಲೇ ಇದ್ದಾನೆ. ಟ್ರೇ ಬರಿದಾದ ಮೇಲೂ ಪಾಪ, ಕೆಂಪು ದೀಪ ಮಿಟುಕಿಸುತ್ತಾ ಹಾಳೆಗಾಗಿ ಕಾದು ನಿಂತಿತ್ತು.

ಬೇರೆ ಯಾರಾದರೂ ಆಗಿದ್ದರೆ ರದ್ದಿಗೆ ಹಾಕುತ್ತಿದ್ದರು. ನಮ್ಮ ಟಪಾಲು ಗುಮಾಸ್ತರು ನಿವೃತ್ತಿಯ ಹೊಸ್ತಿಲಲ್ಲಿರುವವರು. ಕಚೇರಿಗೆ ಬಂದ ಕಾಗದವನ್ನು ಬಿಸಾಡಿ ಗೊತ್ತಿಲ್ಲ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಷ್ಟಕ್ಕೂ ಆವಕ ಸಂಖ್ಯೆ ಬಿದ್ದು, ದುಂಡು ಮೊಹರು ಒತ್ತಿ, ನಗುಮುಖದ ಪಕ್ಕದಲ್ಲೇ ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು, ಟ್ಯಾಗ್ ಕಟ್ಟಿ ನನ್ನ ಮೇಜಿನ ಮೇಲೆ ಇಟ್ಟಿದ್ದರು.

“ಸಾರ್, ‘ಯಾರಿಂದ’ ಅನ್ನೋ ಕಾಲಂ ಖಾಲಿ ಉಳಿದಿದೆ” ಅಂದರು.

“ನನ್ನಿಂದಲೇ.”

ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ವಹಿ ತೆರೆದು, ‘ಯಾರಿಗೆ’ ಕಾಲಂನಲ್ಲಿ ಆಗಲೇ ಇದ್ದ ನನ್ನ ಹೆಸರನ್ನು ನೋಡಿಕೊಂಡು, ಕಾಗುಣಿತ ತಪ್ಪದಂತೆ ಈ ಕಾಲಂಗೂ ಇಳಿಸತೊಡಗಿದರು.