ಮಂತ್ರಿಭಾಗ್ಯ ಪ್ರಾಪ್ತಿರಸ್ತು

(ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿ ಗುಡಿಯ ಮುಂದೆ, ಟಿಕೆಟ್ ಆಕಾಂಕ್ಷಿಯೊಬ್ಬರ ಹಿಂಬಾಲಕ ಮತ್ತು ಲೇಖಕ: ಒಂದು ಕಾಲ್ಪನಿಕ ಸಂವಾದ)

ಹಿಂಬಾಲಕ: ನಮ್ ಸಾಹೇಬ್ರು ದೇವ್ರಿಗೆ ಕೈ ಮುಗುದ್ರೂ ತಪ್ಪಾ ಸಾ?

ಲೇಖಕ: ಖಂಡಿತ ಇಲ್ಲ. ಇಲ್ಲಿ ಮಗು ಬೇಡುವ ದಂಪತಿಗಿರುವ ಹಕ್ಕು ಮಂತ್ರಿಗಿರಿ ಬೇಡುವವರಿಗೂ ಇದೆ. ಸಂವಿಧಾನದ 25ನೇ ವಿಧಿ ಇಬ್ಬರಿಗೂ ಒಂದೇ. ಆದರೆ ದಂಪತಿ ಹಣ್ಣುಕಾಯಿ ಮಾಡಿಸಿ ತೆಪ್ಪಗೆ ಊರಿಗೆ ಹೋಗುತ್ತಾರೆ, ಫ್ಲೆಕ್ಸ್ ಕಟ್ಟಿಸುವುದಿಲ್ಲ. ತಕರಾರು ಭಕ್ತಿಯ ಮೇಲಲ್ಲ, ಅದು ಸರ್ಕಾರಿ ಕೆಲಸಕ್ಕೆ ಅಡ್ಡ ಬಂದಾಗ ಮಾತ್ರ. ಪಕ್ಕದ ಚಾಮರಾಜನಗರವನ್ನೇ ನೋಡಿ. ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಎಷ್ಟೋ ಮುಖ್ಯಮಂತ್ರಿಗಳು ಆ ಕಡೆ ತಲೆಯೇ ಹಾಕಲಿಲ್ಲ. ಭಯ ಅವರ ಜಾತಕದ್ದು, ದಂಡ ತೆತ್ತದ್ದು ಇಡೀ ಜಿಲ್ಲೆ.

ಹಿಂಬಾಲಕ: ಹೋದೋರು ಅಧಿಕಾರ ಕಳ್ಕಂಡಿದ್ದು ಸುಳ್ಳಾ?

ಲೇಖಕ: ನಿಜವೇ. ಹೋಗದವರೂ ಕಳೆದುಕೊಂಡರಲ್ಲ! ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಅಲ್ಲಿಗೆ ಹೋಗದೆಯೇ 2011ರಲ್ಲಿ ರಾಜೀನಾಮೆ ಕೊಟ್ಟರು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಹೋಗಿಯೂ ಐದು ವರ್ಷ ಪೂರೈಸಿದರು. 2018ರಲ್ಲಿ ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತರಲ್ಲ ಎನ್ನಬಹುದು ನೀವು. ಅದೇ ಚುನಾವಣೆಯಲ್ಲಿ ಬಾದಾಮಿಯಲ್ಲಿ ಗೆದ್ದರು, 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಚಾಮರಾಜನಗರದ ಶಾಪಕ್ಕೆ ಬಾದಾಮಿಯ ದಾರಿ ಗೊತ್ತಿರಲಿಲ್ಲವೇ? ಕುರ್ಚಿ ಕೊಡುವುದೂ ಕಿತ್ತುಕೊಳ್ಳುವುದೂ ಶಾಸಕರ ಲೆಕ್ಕ, ಮತದಾರರ ಮನಸ್ಸು. ಅದಕ್ಕೇ ಹೇಳಿದ್ದು: ಮಂತ್ರಿಸಿದ ನಿಂಬೆಹಣ್ಣು ಸಾಹೇಬರ ಜೇಬಿನಲ್ಲಿರಲಿ, ಸರ್ಕಾರಿ ಪ್ರವಾಸದ ಪಟ್ಟಿಯಲ್ಲಿ ಬೇಡ.

ಹಿಂಬಾಲಕ: ಸರಿಯಾಗ್ ಹೇಳುದ್ರಿ ಸಾ! ಸಾಹೇಬ್ರು ಮಂತ್ರಿ ಆದ್ರೆ ಚಾಮರಾಜನಗರಕ್ಕೆ ಮೊದ್ಲು ಹೋಗೋದೇಯ. ಯಾವ ಮುಹೂರ್ತದಲ್ಲಿ ಹೊರಡ್ಬೇಕು ಅಂತ ಜೋಯಿಸ್ರನ್ನ ಈಗ್ಲೇ ಕೇಳ್ಬುಡ್ತೀನಿ.